ಹಲ್ಲು ಕೀಳಿಸುವ ಮುನ್ನ ದವಡೆ ನೋಡಿ

ಬೆಳಿಗ್ಗೆ ಎದ್ದು ಬಾಯಿ ತೆರೆದರೆ ಕಿವಿಯ ಮುಂದೆ 'ಕಟಕ್' ಅನ್ನುತ್ತದೆಯೇ? ಕೆನ್ನೆ ಬಿಗಿದು ರೊಟ್ಟಿ ಅಗಿಯಲು ಕಷ್ಟವೇ? "ಹಲ್ಲಿನದೇ ದೋಷ, ಕೀಳಿಸಿಬಿಡು" ಅಂತ ಯಾರಾದರೂ ಅಂದರೆ ಸ್ವಲ್ಪ ತಾಳಿ, ಸೋದರಿಯರೇ. ಕಿತ್ತ ಹಲ್ಲು ಮತ್ತೆ ಬರೋದಿಲ್ಲ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಅಲ್ಲಿ ಆಡುವುದೇ ದವಡೆಯ ಕೀಲು. ಅದರೊಳಗೆ ಮೆತ್ತೆಯಂಥ ಬಿಲ್ಲೆಯೊಂದಿದೆ. ಅದು ಜರುಗಿದರೆ ಸದ್ದು; ಅಗಿಯುವ ಸ್ನಾಯು ದಣಿದರೆ ನೋವು. ನೋವಿಲ್ಲದ ಬರೀ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಡ. ಈ ತೊಂದರೆ ಹೆಂಗಸರಲ್ಲೇ ಹೆಚ್ಚು. ಚಿಂತೆ, ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇದನ್ನು ಹೆಚ್ಚಿಸಬಹುದು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ನಿದ್ದೆಗೆಟ್ಟು ದುಡಿಯುವಾಗ ನೀವು ಹಲ್ಲು ಕಚ್ಚಿಕೊಂಡೇ ಇರುತ್ತೀರಾ? ಗಮನಿಸಿ.

ಮೊದಲು ಎರಡು ಮೂರು ವಾರ ದವಡೆಗೆ ವಿಶ್ರಾಂತಿ ಕೊಡಿ. ಮುದ್ದೆ ನುಂಗುವ ನಮಗೆ ಇದೇನು ಕಷ್ಟ! ಮೆತ್ತಗಿನ ಅನ್ನ, ಸಾರು ಸಾಕು. ಚಕ್ಕುಲಿ, ಕಬ್ಬು, ಎಲೆಅಡಿಕೆ ಬೇಡ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ದಿನಕ್ಕೆರಡು ಸಲ 10 ನಿಮಿಷ ಕೆನ್ನೆಗೆ ಒತ್ತಿ. ತುಟಿ ಮುಚ್ಚಿದ್ದರೂ ಹಲ್ಲಿಗೆ ಹಲ್ಲು ತಾಗದಿರಲಿ. ಆಕಳಿಕೆ ಬಂದಾಗ ಗದ್ದಕ್ಕೆ ಕೈ ಕೊಡಿ.

ಆಗಲೂ ನೋವು ಹೋಗದಿದ್ದರೆ ದಂತವೈದ್ಯರು 'ಸ್ಪ್ಲಿಂಟ್' ಹೇಳಬಹುದು. ಹೆದರಬೇಡಿ, ಕೊಯ್ಯುವುದೇನೂ ಇಲ್ಲ. ನಿಮ್ಮ ಹಲ್ಲಿನ ಅಚ್ಚು ತೆಗೆದು ಗಟ್ಟಿ ಅಕ್ರಿಲಿಕ್‌ನಲ್ಲಿ ಮಾಡುವ ಕವಚ ಅದು. ಸಾಮಾನ್ಯವಾಗಿ ರಾತ್ರಿ ತೊಟ್ಟು ಬೆಳಿಗ್ಗೆ ತೆಗೆಯುವುದು. ಹಲ್ಲು ಸವೆಯದಂತೆ ಕಾಯುತ್ತದೆ, ಕಚ್ಚುವ ಒತ್ತಡವನ್ನು ಹಂಚುತ್ತದೆ. ಕೆಲವರಿಗೆ ಚೆನ್ನಾಗಿ ಹಿಡಿಸುತ್ತದೆ, ಕೆಲವರಿಗೆ ಅಷ್ಟಾಗಿ ಇಲ್ಲ, ಇದು ಮಂತ್ರದಂಡವಲ್ಲ. ತಣ್ಣೀರಲ್ಲಿ ಮೆತ್ತಗಿನ ಬ್ರಶ್ಶಿನಿಂದ ತೊಳೆಯಿರಿ. ಬಿಸಿನೀರಿಗೆ ಹಾಕಿದರೆ ಸೊಟ್ಟಗಾದೀತು. ಅಕ್ಕನದನ್ನು ತಂಗಿ ತೊಡುವಂತಿಲ್ಲ. ಹೇಳಿದ ದಿನ ಹೋಗಿ ಸರಿಮಾಡಿಸಿ. ಹಲ್ಲು ಕೂಡುವ ರೀತಿ ಬದಲಾದಂತೆ ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಿ.

ಎರಡು ಎಚ್ಚರಿಕೆ: ಅಡಿಕೆ ಅಗಿಯುವವರಿಗೆ ಖಾರ ತಿಂದರೆ ಉರಿ, ಬಾಯಿ ದಿನೇ ದಿನೇ ಕಿರಿದಾಗುತ್ತಿದ್ದರೆ ಅದು ಬೇರೆಯೇ ರೋಗ. ಅದಕ್ಕೆ ಸ್ಪ್ಲಿಂಟ್ ಮದ್ದಲ್ಲ. ಅಡಿಕೆ ಬಿಟ್ಟು ಬೇಗ ತೋರಿಸಿ. ದವಡೆನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ದರೆ ಹೃದಯದ್ದಿರಬಹುದು; ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಕೆ.ಆರ್. ನಗರ, ಎಚ್.ಡಿ. ಕೋಟೆಯಿಂದ ಮೈಸೂರೇನೂ ದೂರವಲ್ಲ. 1986ರಲ್ಲಿ ಆರಂಭವಾದ ಜೆ.ಎಸ್.ಎಸ್. ದಂತ ವೈದ್ಯಕೀಯ ಕಾಲೇಜು ಅಲ್ಲಿದೆ. ಮನೆಮಂದಿಯ ನೋವಿಗೆಲ್ಲ ಓಡುವವರು ನೀವು. ನಿಮ್ಮ ನೋವಿಗೂ ಒಂದು ದಿನ ಬಿಡುವು ಮಾಡಿಕೊಳ್ಳಿ.