ನೂರು ತಲೆಗಳ ಲೆಕ್ಕವೂ ಹನ್ನೆರಡು ಹಳ್ಳಿಗಳ ಮಾತೂ

ಗ್ರಾಮಸಭೆಗೆ ಜನ ಬರುವುದಿಲ್ಲ, ಬಂದವರೂ ಚರಂಡಿ-ಬೀದಿದೀಪಗಳ ಮಾತನ್ನಷ್ಟೇ ಆಡಿ ಏಳುತ್ತಾರೆ, ಆದುದರಿಂದ ಕೋರಂ ಹೆಚ್ಚಿಸಿ ಹಾಜರಾತಿಯನ್ನು ಬಿಗಿಗೊಳಿಸತಕ್ಕದ್ದು ಎಂಬ ವಾದವನ್ನು ಅಂಕಣಕಾರ ಮಿತ್ರರೊಬ್ಬರು ಮತ್ತೆ ಮುಂದಿಟ್ಟಿದ್ದಾರೆ. ರೋಗವನ್ನು ಬಿಟ್ಟು ರೋಗಿಯನ್ನು ದಂಡಿಸುವ ಈ ಚಿಕಿತ್ಸೆ ನನಗೆ ಸಮ್ಮತವಲ್ಲ. ಆಡಿದ ಮಾತಿಗೆ ಉತ್ತರ ದೊರೆಯದೆಂಬುದನ್ನು ಅನುಭವದಿಂದ ಅರಿತವರು ಮನೆಯಲ್ಲಿ ಉಳಿದರೆ ಅದನ್ನು ಔದಾಸೀನ್ಯವೆನ್ನಲಾಗದು.

ನಮ್ಮ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮಸಭೆಗೆ ವಿಧಿಸಿರುವ ಕೋರಂ ಸದಸ್ಯರ ಹತ್ತನೆಯ ಒಂದಂಶ ಅಥವಾ 100 ಮಂದಿ, ಯಾವುದು ಕಡಮೆಯೋ ಅದು. ಈ ನೂರು ತಲೆಗಳನ್ನು ಕೂಡಿಸುವುದೇ ಪುರುಷಾರ್ಥವಾದಾಗ ಏನಾಗುವುದೆಂಬುದನ್ನು ನಾನೊಮ್ಮೆ ಕಣ್ಣಾರೆ ಕಂಡೆ. ಶಾಮಿಯಾನದಡಿಯ ಕುರ್ಚಿಗಳು ತುಂಬುವ ಮೊದಲೇ ಸಹಿಪುಸ್ತಕ ಕೈಯಿಂದ ಕೈಗೆ ದಾಟಿತ್ತು. ಹೆಂಗಸೊಬ್ಬರು ಎದ್ದು, "ಸ್ವಾಮಿ, ಹೋದ ಸಲ ನಮ್ಮ ಬೀದಿ ನಲ್ಲಿ ವಿಷಯ ಬರಕೊಂಡ್ರಲ್ಲ, ಅದನ್ನ ಒಂದ್ಸಲ ಓದಿ" ಎಂದರು. ಕಾರ್ಯದರ್ಶಿ ನಡಾವಳಿಯ ಪುಟ ತಿರುವಿದರು. ನೋಡಲ್ ಅಧಿಕಾರಿ ಗಡಿಯಾರ ನೋಡಿಕೊಂಡರು. "ಈ ಸಲವೂ ಬರೆದುಕೊಳ್ಳಿ" ಎಂಬ ಅಪ್ಪಣೆಯೊಂದಿಗೆ ವಿಷಯ ಮುಗಿಯಿತು.

ತಲೆ ಎಣಿಸುವವರು ಮರೆತ ಪೂರ್ವನಿದರ್ಶನವೊಂದುಂಟು. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಅಗೆಯುವ ಯೋಜನೆ ಅಲ್ಲಿನ ಡೋಂಗ್ರಿಯಾ ಕೊಂಧರ ಧಾರ್ಮಿಕ ಹಕ್ಕಿಗೆ ಬಾಧಕವೇ ಎಂಬ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಡಬೇಕೆಂದೂ, ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿಯೊಬ್ಬರು ಅವನ್ನು ವೀಕ್ಷಿಸಬೇಕೆಂದೂ 2013ರ ಏಪ್ರಿಲ್ 18ರಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಆ ಮಳೆಗಾಲದಲ್ಲಿ 12 ಹಳ್ಳಿಗಳು ಸಭೆ ಸೇರಿದವು, ಹನ್ನೆರಡೂ ಒಲ್ಲೆವೆಂದವು. ಅವುಗಳಲ್ಲಿ ಕೆಲವು ಹಳ್ಳಿಗಳ ಒಟ್ಟು ಮತದಾರರ ಸಂಖ್ಯೆ ನಮ್ಮ ಕೋರಮ್ಮಿನ ಅರ್ಧಕ್ಕೂ ಏರುತ್ತಿರಲಿಲ್ಲ. ಆದರೂ 2014ರ ಜನವರಿಯಲ್ಲಿ ಕೇಂದ್ರದ ಪರಿಸರ ಸಚಿವಾಲಯ ಗಣಿಗೆ ಅನುಮತಿ ನಿರಾಕರಿಸಿತು. ಬೆಟ್ಟದ ಇಳಿಜಾರಿನಲ್ಲಿ ಸೇರಿದ ಆ ಬೆರಳೆಣಿಕೆಯ ಜನರನ್ನು ಯಾರೂ ಹಾಜರಾತಿಯ ಭಯದಿಂದ ಕರೆತಂದಿರಲಿಲ್ಲ. ತಮ್ಮ ಮಾತಿಗೆ ತೂಕವುಂಟೆಂದು ಬಲ್ಲವರು ತಾವಾಗಿ ಬಂದಿದ್ದರು.

ಅಲ್ಲಿ 2006ರ ಅರಣ್ಯ ಹಕ್ಕು ಕಾಯಿದೆಯ ಬಲವಿತ್ತು, ಬೀದಿಯ ನಲ್ಲಿಗೆ ಅದೆಲ್ಲಿಂದ ಬರಬೇಕು ಎಂಬ ಆಕ್ಷೇಪ ನ್ಯಾಯವಾದುದೇ. ಪ್ರತಿ ಚರಂಡಿಗೂ ಸರ್ವೋಚ್ಚ ನ್ಯಾಯಾಲಯವನ್ನು ಎಳೆತರಬೇಕೆಂದು ನಾನು ಹೇಳುತ್ತಿಲ್ಲ. ನನ್ನ ಸೂಚನೆ ಅತ್ಯಲ್ಪವಾದುದು: ಸಹಿಪುಸ್ತಕ ಬಿಚ್ಚುವ ಮುನ್ನ ಹಿಂದಿನ ಸಭೆಯ ನಡಾವಳಿಯನ್ನು ಗಟ್ಟಿಯಾಗಿ ಓದಿ, ಪ್ರತಿಯೊಂದು ಬೇಡಿಕೆಗೂ ಆಯಿತು, ಆಗಲಿಲ್ಲ, ಆಗದಿರಲು ಇಂಥದು ಕಾರಣ ಎಂದು ಹೇಳತಕ್ಕದ್ದು, ಹಾಗೆ ಹೇಳದ ಸಭೆಯನ್ನು, ಅಲ್ಲಿ ಸಾವಿರ ಜನರಿದ್ದರೂ, ಕೋರಂ ಇಲ್ಲದ ಸಭೆಯೆಂದು ಪರಿಗಣಿಸತಕ್ಕದ್ದು. ಇದಕ್ಕೆ ಕಾಸಿನ ಖರ್ಚಿಲ್ಲ, ಅರ್ಧ ಗಂಟೆಯ ಸಂಕೋಚವಷ್ಟೇ ಉಂಟು.

ಕೋರಂ ಹೆಚ್ಚಿಸಹೊರಟವರು, ಅಂದು ಎದ್ದುನಿಂತ ಆ ಹೆಂಗಸು ಮುಂದಿನ ಸಭೆಗೆ ಬಂದರೇ ಎಂಬುದನ್ನು ಮೊದಲು ವಿಚಾರಿಸಲಿ.