ಬೆಕ್ಕಿನ ಬೇನೆಯೂ ಮಗುವಿನ ಜ್ವರವೂ

ಆಲೂರು, ಸಕಲೇಶಪುರದ ಸೀಮೆಯಲ್ಲಿ ಭತ್ತವಿದ್ದ ಮನೆಯಲ್ಲಿ ಇಲಿಯುಂಟು, ಇಲಿಯಿದ್ದಲ್ಲಿ ಬೆಕ್ಕೂ ಉಂಟು. ಬೆಕ್ಕಿನ ಕರುಳಿನಲ್ಲಿ ಸೇರುವ ಒಂದು ಬಗೆಯ ಕೊರೋನಾ ವೈರಾಣು ಸಾಮಾನ್ಯವಾಗಿ ಅಲ್ಪ ಭೇದಿಯನ್ನಷ್ಟೇ ಉಂಟುಮಾಡುವುದು. ಕೆಲವೇ ಎಳೆಯ ಬೆಕ್ಕುಗಳಲ್ಲಿ ಮಾತ್ರ ಅದು ರೂಪಾಂತರಗೊಂಡು, ದೇಹದ ಕಾವಲಿಗೆಂದಿರುವ ಕಣಗಳನ್ನೇ ಹೊಕ್ಕು, ರಕ್ತನಾಳಗಳಲ್ಲಿ ಉರಿಯೂತವನ್ನೆಬ್ಬಿಸುತ್ತದೆ. ಹಲವು ವೇಳೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಅಮೆರಿಕದ ಪಶುವೈದ್ಯರು ಈ ಬೇನೆಯನ್ನು 1963ರಲ್ಲಿಯೇ ವರ್ಣಿಸಿದ್ದರು. ಇದು ಮನುಷ್ಯರಿಗೆ ಅಂಟುವಂಥದಲ್ಲ.

2020ರಲ್ಲಿ, ಕೋವಿಡ್ ಬಂದುಹೋದ ಎರಡರಿಂದ ಆರು ವಾರಗಳ ತರುವಾಯ, ಕೆಲವು ಮಕ್ಕಳಲ್ಲಿ ತೀವ್ರ ಜ್ವರ, ಕೆಂಗಣ್ಣು, ದದ್ದು, ಹೃದಯದ ದೌರ್ಬಲ್ಯ ಕಾಣಿಸಿಕೊಂಡಾಗ ವೈದ್ಯಲೋಕವು ಬೆರಗಾಯಿತು. ಪಶುವೈದ್ಯರ ಅರಿವು ಜೊತೆಗಿದ್ದಿದ್ದರೆ ಅಷ್ಟು ಬೆರಗು ಬೇಕಿರಲಿಲ್ಲ. ಮೊದಲ ಸೋಂಕು ಹಗುರವಾಗಿದ್ದ ಮಾತ್ರಕ್ಕೆ ಮುಂದಿನದೂ ಹಗುರವೆನ್ನಲಾಗದು.

ಹಾಗೆಂದು ಎರಡೂ ಒಂದೇ ಎನ್ನುವುದು ಅವಿವೇಕ. ಬೆಕ್ಕಿನಲ್ಲಿ ವೈರಾಣುವೇ ಒಳಗೆ ವೃದ್ಧಿಸುತ್ತಿರುತ್ತದೆ. ಅಲ್ಲಿ ಫಲಿಸಿದ್ದು ವೈರಾಣುವನ್ನು ತಡೆಯುವ ಔಷಧ. ಮಗುವಿನಲ್ಲಿ ಕೆರಳಿದ ರೋಗನಿರೋಧಕ ಶಕ್ತಿಯೇ ಮುಖ್ಯ ಹಗೆ. ಇಲ್ಲಿ ಇಮ್ಯುನೋಗ್ಲಾಬ್ಯುಲಿನ್, ಸ್ಟೀರಾಯ್ಡುಗಳು ಬೇಕಾದವು.

ಹಾಸನದಲ್ಲಿ ವೈದ್ಯಕೀಯ ಕಾಲೇಜೂ ಇದೆ, ಪಶುವೈದ್ಯಕೀಯ ಕಾಲೇಜೂ ಇದೆ. ಉಭಯತ್ರ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಒಂದೇ ಹಲಗೆಯೆದುರು ಕುಳಿತು ಈ ಉರಿಯೂತದ ಪಾಠವನ್ನು ಕೇಳುವಂತಾಗಬೇಕು.