ಹೊಸ ಮಂಡಿಗೆ ಮನೆಯ ಸಿದ್ಧತೆ

ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಆರು ತಿಂಗಳು ಮೊದಲೇ ಪಟ್ಟಿಗಳು ತಯಾರಾಗುತ್ತವೆ. ಛತ್ರ, ಅಡಿಗೆಯವರು, ಬಂದವರಿಗೆ ಹಾಸಿಗೆ, ಹಾಲಿನವನಿಗೆ ಹೇಳಬೇಕಾದ ಮಾತು, ಯಾವುದನ್ನೂ ಯಾರೂ ಮರೆಯುವುದಿಲ್ಲ. ಅದೇ ಮನೆಯ ಹಿರಿಯರೊಬ್ಬರಿಗೆ ಮಂಡಿಯ ಶಸ್ತ್ರಕ್ರಿಯೆ ಆಗಬೇಕೆಂದು ಗೊತ್ತಾದಾಗ ಮಾತ್ರ, ಹಣ ಹೊಂದಿಸಿ, ಒಳ್ಳೆಯ ಡಾಕ್ಟರನ್ನು ಹುಡುಕಿದರೆ ಸಿದ್ಧತೆ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ. ಉಳಿದುದೆಲ್ಲ ಆಸ್ಪತ್ರೆಯವರ ಪಾಲಿನದೆಂಬ ಭಾವನೆ. ಮನೆಗೆ ಮರಳಿದ ದಿನ ವಾಕರಿನ ಕಾಲು ಹೊಸ್ತಿಲಿಗೆ ಸಿಕ್ಕಿಕೊಂಡಾಗ, ಬಾಯಾರಿದಾಗ ಬಾವಿ ತೋಡುವ ಕೆಲಸ ಆರಂಭವಾಗುತ್ತದೆ.

ಶಸ್ತ್ರವೈದ್ಯರ ಕೆಲಸ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ರೋಗಿಯ ಕೆಲಸ ಅದಕ್ಕೆ ಆರೆಂಟು ವಾರ ಮೊದಲೇ ಆರಂಭವಾಗಿ, ಅನಂತರ ಹಲವು ತಿಂಗಳು ನಡೆಯುತ್ತದೆ. ಮಂಡಿಯ ಶಸ್ತ್ರಕ್ರಿಯೆ ಸಾಮಾನ್ಯವಾಗಿ ತುರ್ತಿನದಲ್ಲ. ದಿನವನ್ನು ರೋಗಿಯೇ ಆರಿಸಿಕೊಳ್ಳಬಹುದು. ಈ ಸೌಕರ್ಯ ಹೃದಯದ ಕಾಯಿಲೆಯವರಿಗಾಗಲಿ ಮೂಳೆ ಮುರಿದವರಿಗಾಗಲಿ ಇರುವುದಿಲ್ಲ. ಇದನ್ನು ಬಳಸಿಕೊಳ್ಳದೆ ಬಿಡುವುದು ಜಾಣತನವಲ್ಲ.

ನಡೆಯುವುದೇನು?

ಮಂಡಿ ಬದಲಾಯಿಸುವುದೆಂದರೆ ಕಾಲನ್ನೇ ಕತ್ತರಿಸಿ ಬೇರೆ ಕೀಲನ್ನು ಕೂಡಿಸುವುದೆಂದು ಹಲವರು ಹೆದರುತ್ತಾರೆ. ನಿಜವಾಗಿ ನಡೆಯುವುದು ಅದಲ್ಲ. ತೊಡೆಯ ಮೂಳೆಯ ಕೆಳತುದಿಗೂ ಕಣಕಾಲಿನ ಮೂಳೆಯ ಮೇಲ್ತುದಿಗೂ ಮೃದ್ವಸ್ಥಿ ಎಂಬ ನುಣುಪಾದ ಹೊದಿಕೆ ಇರುತ್ತದೆ. ಸಂಧಿವಾತದಲ್ಲಿ ಈ ಹೊದಿಕೆ ಸವೆದು, ಮೂಳೆಗೆ ಮೂಳೆ ಉಜ್ಜತೊಡಗುತ್ತದೆ. ಶಸ್ತ್ರವೈದ್ಯರು ಸವೆದ ಭಾಗವನ್ನು ಕೆಲವು ಮಿಲಿಮೀಟರುಗಳಷ್ಟು ಮಾತ್ರ ತೆಗೆದು, ಹಲ್ಲಿಗೆ ಕವಚ ಕೂರಿಸುವಂತೆ ಎರಡು ತುದಿಗಳಿಗೂ ಲೋಹವನ್ನು ಕೂರಿಸುತ್ತಾರೆ. ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನಿಡುತ್ತಾರೆ. ಹೊಸದಾಗುವುದು ಈ ಮೇಲ್ಮೈ ಮಾತ್ರ. ಅದನ್ನು ಎತ್ತಿ, ಮಡಿಸಿ, ನಡೆಸಬೇಕಾದ ಸ್ನಾಯು ಹಳೆಯದೇ. ನೋವಿಗೆ ಹೆದರಿ ವರ್ಷಗಟ್ಟಲೆ ಕುಳಿತು ಸೊರಗಿದ ಸ್ನಾಯುವನ್ನು ಯಾವ ಶಸ್ತ್ರವೈದ್ಯರೂ ಬದಲಾಯಿಸಲಾರರು.

1890ರಲ್ಲಿ ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲುಕ್ ಎಂಬ ವೈದ್ಯರು ದಂತದಿಂದ ಮಾಡಿದ ಮಂಡಿಯನ್ನು ಕೂರಿಸಿ ನೋಡಿದ್ದರು. ಇಂದಿನ ಮಾದರಿಗೆ ತಳಹದಿಯಾದುದು 1974ರಲ್ಲಿ ನ್ಯೂಯಾರ್ಕಿನಲ್ಲಿ ಬಳಕೆಗೆ ಬಂದ ಮಂಡಿ. ಅದನ್ನು ರೂಪಿಸಿದವರಲ್ಲಿ ಭಾರತೀಯರಾದ ಡಾ. ಚಿತ್ತರಂಜನ್ ರಾಣಾವತ್ ಒಬ್ಬರು. ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರ ಎಡ ಮಂಡಿಗೆ 2000ದ ಅಕ್ಟೋಬರಿನಲ್ಲಿಯೂ ಬಲ ಮಂಡಿಗೆ 2001ರ ಜೂನಿನಲ್ಲಿಯೂ ಮುಂಬಯಿಯಲ್ಲಿ ಶಸ್ತ್ರಕ್ರಿಯೆ ಮಾಡಿದವರೂ ಅವರೇ. ಈಗಿನ ಮಂಡಿಗಳು ಬಹುಕಾಲ ಬಾಳುತ್ತವೆ. ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ 2019ರಲ್ಲಿ ಬಂದ ಲೆಕ್ಕದ ಪ್ರಕಾರ, ಪೂರ್ಣ ಬದಲಾಯಿಸಿದ 100 ಮಂಡಿಗಳಲ್ಲಿ ಸುಮಾರು 82 ಮಂಡಿಗಳು 25 ವರ್ಷ ಉಳಿಯುತ್ತವೆ.

ಬರುವುದು, ಬಾರದಿರುವುದು

ಮಂಡಿ ಕೆಡದಿದ್ದರೂ ರೋಗಿಯ ಮನಸ್ಸು ಕೆಡುವುದುಂಟು. ಶಸ್ತ್ರಕ್ರಿಯೆ ಸರಿಯಾಗಿಯೇ ಆಗಿದ್ದರೂ ಸುಮಾರು ಐವರಲ್ಲಿ ಒಬ್ಬರು ತಮಗೆ ಪೂರ್ಣ ತೃಪ್ತಿಯಿಲ್ಲವೆಂದು ಹೇಳುತ್ತಾರೆ. ಉಳಿದುಹೋದ ನೋವು ಇದಕ್ಕೆ ಒಂದು ಕಾರಣ. ಮೊದಲೇ ಇಟ್ಟುಕೊಂಡ ನಿರೀಕ್ಷೆ ಇನ್ನೊಂದು. ಹೊಸ ಮಂಡಿಯಿಂದ ನಡಿಗೆಯ ನೋವು ತಗ್ಗುತ್ತದೆ, ಬಾಗಿದ ಕಾಲು ನೆಟ್ಟಗಾಗುತ್ತದೆ, ರಾತ್ರಿಯ ನಿದ್ರೆ ಮರಳಿ ಬರುತ್ತದೆ. ಆದರೆ ಅದು ಇಪ್ಪತ್ತು ವರ್ಷದ ಪ್ರಾಯದ ಮಂಡಿಯಲ್ಲ. ಹೆಚ್ಚಿನವರಲ್ಲಿ ಅದು 110ರಿಂದ 120 ಡಿಗ್ರಿಗಳವರೆಗೆ ಮಡಿಸುತ್ತದೆ. ಮೆಟ್ಟಿಲು ಹತ್ತಲು, ಕುರ್ಚಿಯಿಂದ ಏಳಲು, ಬಸ್ಸಿನಲ್ಲಿ ಕುಳಿತುಕೊಳ್ಳಲು ಇಷ್ಟು ಸಾಕು. ಕುಕ್ಕರಗಾಲಿನಲ್ಲಿ ಕೂರಲು ಇದು ಸಾಲದು. ಚಕ್ಕಳಮಕ್ಕಳ ಹಾಕಿ ಕೂರುವುದು ಕೆಲವರಿಗೆ ಕಾಲಕ್ರಮದಲ್ಲಿ ಸಾಧ್ಯವಾದರೂ, ಆಗದೆಂದೇ ಎಣಿಸಿ ಮನೆಯನ್ನು ಅಣಿಗೊಳಿಸುವುದು ಲೇಸು.

ಮಣೆಯ ಮೇಲೆ ಕುಳಿತು ಪೂಜೆ ಮಾಡುತ್ತ, ಹೊಸ್ತಿಲಿಗೆ ರಂಗೋಲಿಯಿಡುತ್ತ, ಪಂಕ್ತಿಯಲ್ಲಿ ಉಣ್ಣುತ್ತ ಅರವತ್ತು ವರ್ಷ ಬಾಳಿದ ಹೆಂಗಸಿಗೆ ಇದು ಸಣ್ಣ ಸಂಗತಿಯಲ್ಲ. ಇದನ್ನು ಮುಚ್ಚಿಟ್ಟು, ‘ಎಲ್ಲಾ ಮೊದಲಿನ ಹಾಗೇ ಆಗುತ್ತದೆ, ಬನ್ನಿ’ ಎಂದು ಕರೆದೊಯ್ಯುವುದು ಮೋಸವಾಗುತ್ತದೆ. ಶಸ್ತ್ರಕ್ರಿಯೆಗೆ ಮೊದಲೇ ದೇವರ ಪೀಠವನ್ನು ಮೇಜಿನೆತ್ತರಕ್ಕೆ ಏರಿಸಿ, ಕುರ್ಚಿಯಲ್ಲಿ ಕುಳಿತು ಪೂಜಿಸುವ ಅಭ್ಯಾಸವಾದರೆ, ಅನಂತರ ಅದು ಕೊರತೆಯೆನಿಸುವುದಿಲ್ಲ. ರೋಗಿ ತನಗೆ ಮುಖ್ಯವಾದ ಮೂರು ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರ ಮುಂದಿಡಲಿ: ದೇವಸ್ಥಾನದವರೆಗೆ ನಡೆಯಬೇಕೆ, ಮಹಡಿ ಹತ್ತಬೇಕೆ, ಮೊಮ್ಮಗುವನ್ನು ಶಾಲೆಗೆ ಬಿಟ್ಟುಬರಬೇಕೆ? ಯಾವುದು ಆದೀತು, ಯಾವುದು ಆಗದು ಎಂಬ ಉತ್ತರ ಆಗಲೇ ದೊರೆಯಬೇಕು. ಎಕ್ಸ್-ರೇ ಚಿತ್ರ ಎಷ್ಟೇ ಕೆಟ್ಟದ್ದಾಗಿರಲಿ, ಬದುಕು ಸಲೀಸಾಗಿ ನಡೆಯುತ್ತಿದ್ದರೆ ಕಾಯಬಹುದು. ಔಷಧಿ, ವ್ಯಾಯಾಮ ಯಾವುದಕ್ಕೂ ಬಗ್ಗದ ನೋವು ನಿದ್ರೆಯನ್ನೂ ನಡಿಗೆಯನ್ನೂ ಕಸಿದುಕೊಂಡಾಗ ಶಸ್ತ್ರಕ್ರಿಯೆಯ ಕಾಲ ಬಂದಿತೆಂದು ತಿಳಿಯಬೇಕು.

ಖರ್ಚಿನ ವಿಷಯದಲ್ಲಿಯೂ ಸ್ಪಷ್ಟತೆ ಅಗತ್ಯ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಗಳ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ ನಿಗದಿಯಾಯಿತು. ಆದರೆ ಈ ಮಿತಿ ಮಂಡಿಯ ಬೆಲೆಗೆ ಮಾತ್ರ. ಕೊಠಡಿ, ವೈದ್ಯರ ಶುಲ್ಕ, ಔಷಧಿ ಇವು ಬೇರೆ. ಒಟ್ಟು ಲೆಕ್ಕವನ್ನು ಬರವಣಿಗೆಯಲ್ಲಿ ಕೇಳುವುದರಲ್ಲಿ ಸಂಕೋಚ ಬೇಡ. ಅನೇಕ ವಿಮಾ ಪಾಲಿಸಿಗಳು ಕೀಲುಬದಲಿಗೆ ಮೊದಲ ಕೆಲವು ವರ್ಷ ಹಣ ಕೊಡುವುದಿಲ್ಲವೆಂಬುದನ್ನೂ ಗಮನಿಸಬೇಕು.

ಮೊದಲು ಮೈ

ಶಸ್ತ್ರಕ್ರಿಯೆಯ ದೊಡ್ಡ ಶತ್ರು ಸೋಂಕು. ಹುಳುಕು ಹಲ್ಲು, ಮೂತ್ರದ ಸೋಂಕು, ಕಾಲ್ಬೆರಳ ಸಂದಿನ ಹುಣ್ಣು, ಇವು ಸಣ್ಣವೆಂದು ತೋರಿದರೂ ಅಲ್ಲಿಂದ ರೋಗಾಣು ರಕ್ತದ ಮೂಲಕ ಹೊಸ ಮಂಡಿಯನ್ನು ಸೇರಬಹುದು. ಆದುದರಿಂದ ಹಲ್ಲಿನ ಕೆಲಸವೇನಿದ್ದರೂ ಮೊದಲೇ ಮುಗಿಯಬೇಕು. ಮಧುಮೇಹವಿರುವವರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಪರೀಕ್ಷೆ ಮಾಡಿಸಬೇಕು. ಆ ಅಂಕಿ 7.5ರಿಂದ 8ರೊಳಗೆ ಇಳಿಯುವವರೆಗೆ ಅನೇಕ ವೈದ್ಯರು ದಿನ ಗೊತ್ತುಮಾಡುವುದಿಲ್ಲ. ಬೀಡಿ, ಸಿಗರೇಟು ಸೇದುವವರು ಕಡೆಯ ಪಕ್ಷ ನಾಲ್ಕು ವಾರ ಮೊದಲು ಬಿಡಬೇಕು; ಬಿಡದಿದ್ದರೆ ಗಾಯ ಮಾಯುವುದು ತಡವಾಗುತ್ತದೆ. ರಕ್ತಹೀನತೆ ಇದ್ದರೆ ಅದಕ್ಕೂ ಆಗಲೇ ಚಿಕಿತ್ಸೆಯಾಗಬೇಕು. ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ, ಕಷಾಯ, ಲೇಹ್ಯ, ಭಸ್ಮಗಳನ್ನು ಕೂಡ, ಪಟ್ಟಿ ಮಾಡಿ ತೋರಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಎಂದು ನಿಲ್ಲಿಸಬೇಕೆಂದು ವೈದ್ಯರೇ ಹೇಳಬೇಕು. ರೋಗಿ ತಾನೇ ನಿಲ್ಲಿಸಕೂಡದು.

ತೂಕದ ಲೆಕ್ಕ ಸರಳವಾದುದು. ಮೈಯ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ನಾಲ್ಕೈದು ಕಿಲೋ ಇಳಿಸಿದರೂ ಲಾಭವೇ.

ಎಲ್ಲಕ್ಕಿಂತ ಮುಖ್ಯವಾದುದು ತೊಡೆಯ ಸ್ನಾಯುವಿನ ಸಾಧನೆ. ಕಾಲು ನೀಡಿ ಮಲಗಿ, ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ, ಐದು ಸೆಕೆಂಡು ಬಿಗಿಹಿಡಿದು ಬಿಡುವುದು. ನೆಟ್ಟಗಿರುವ ಕಾಲನ್ನು ಒಂದಡಿ ಎತ್ತಿ ಮೆಲ್ಲನೆ ಇಳಿಸುವುದು. ಹಿಮ್ಮಡಿಯನ್ನು ಜಾರಿಸುತ್ತ ಮಂಡಿ ಮಡಿಸುವುದು. ಒಂದೊಂದನ್ನೂ ಹತ್ತು ಸಲ, ದಿನಕ್ಕೆ ಎರಡು ಬಾರಿ ಮಾಡಿದರೆ ಸಾಕು. ಅನಂತರವೂ ಮಾಡಬೇಕಾದ ಸಾಧನೆ ಇದೇ. ನೋವು ಕಡಿಮೆಯಿರುವಾಗ ಕಲಿತುದು, ನೋವು ಹೆಚ್ಚಿರುವಾಗ ನೆನಪಿಗೆ ಬರುತ್ತದೆ. ವಾಕರ್ ಹಿಡಿದು ನಡೆಯುವುದನ್ನೂ ಮೊದಲೇ ಅಭ್ಯಾಸ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಆಮೇಲೆ ಮನೆ

ಪಂಚಾಂಗ ನೋಡಿ ದಿನ ಗೊತ್ತುಮಾಡುವವರು ಮನೆಯ ಕ್ಯಾಲೆಂಡರನ್ನೂ ನೋಡಬೇಕು. ಮುಂದಿನ ಎರಡು ತಿಂಗಳಲ್ಲಿ ಮಕ್ಕಳ ಪರೀಕ್ಷೆ, ದೊಡ್ಡ ಹಬ್ಬ, ಹತ್ತಿರದವರ ಮದುವೆ ಇದ್ದರೆ ಉಪಚರಿಸುವವರ ಕೈ ತುಂಬಿಹೋಗಿರುತ್ತದೆ. ಸಾಮಾನ್ಯವಾಗಿ ಬಂಧುಗಳೆಲ್ಲ ಆಸ್ಪತ್ರೆಯ ನಾಲ್ಕೈದು ದಿನಗಳಲ್ಲೇ ಬಂದು ನೆರೆಯುತ್ತಾರೆ. ಅಲ್ಲಿ ದಾದಿಯರಿರುತ್ತಾರೆ. ನಿಜವಾಗಿ ಜನ ಬೇಕಾಗುವುದು ಎರಡನೆಯ ವಾರದಿಂದ ಐದನೆಯ ವಾರದವರೆಗೆ. ದೂರದೂರಿನಿಂದ ಬರುವ ಮಗಳಿಗೆ ಹದಿನೈದೇ ದಿನ ರಜೆಯಿದ್ದರೆ, ಅವಳು ಆಗ ಬರುವುದೇ ಮೇಲು. ರಾತ್ರಿ ಜೊತೆಗಿರುವವರು ಯಾರು, ಹೊಲಿಗೆ ತೆಗೆಸಲು ಕರೆದೊಯ್ಯುವವರು ಯಾರು ಎಂಬುದನ್ನು ಹಂಚಿಕೊಂಡರೆ ಎಲ್ಲ ಭಾರವೂ ಸೊಸೆಯೊಬ್ಬಳ ಮೇಲೆ ಬೀಳುವುದಿಲ್ಲ.

ಮಲಗುವ ಕೋಣೆ ಮಹಡಿಯಲ್ಲಿದ್ದರೆ ಕೆಲವು ವಾರಗಳಿಗೆ ಕೆಳಕ್ಕೆ ಬರಲಿ. ಮಂಚದ ಅಂಚಿನಲ್ಲಿ ಕುಳಿತಾಗ ಪಾದಗಳೆರಡೂ ನೆಲ ಮುಟ್ಟಬೇಕು. ಕುರ್ಚಿಗೆ ಕೈಗಳಿರಬೇಕು, ಆಸನ ಗಟ್ಟಿಯಾಗಿ ಎತ್ತರವಾಗಿರಬೇಕು. ಮೆತ್ತನೆಯ ಸೋಫಾದಲ್ಲಿ ಕುಳಿತವರು ಏಳಲಾರರು. ಕಾಲೊರಸು, ಜಮಖಾನ, ನೆಲದ ಮೇಲೆ ಹರಿದ ವಿದ್ಯುತ್ ತಂತಿ, ಇವೆಲ್ಲ ಮರೆಯಾಗಲಿ. ಬೀಳುವುದಕ್ಕೆ ಬಚ್ಚಲುಮನೆಗಿಂತ ಅನುಕೂಲವಾದ ಜಾಗ ಬೇರೊಂದಿಲ್ಲ. ಅಲ್ಲಿ ಗೋಡೆಗೆ ಭದ್ರವಾದ ಹಿಡಿಗಂಬಿ, ಕುಳಿತು ಸ್ನಾನ ಮಾಡಲು ಎತ್ತರದ ಸ್ಟೂಲು, ಜಾರದ ಹಾಸು, ರಾತ್ರಿಯೆಲ್ಲ ಉರಿಯುವ ದೀಪ, ಇವು ಮೊದಲೇ ಬರಬೇಕು. ನೆಲಮಟ್ಟದ ಕಕ್ಕಸಿದ್ದರೆ ಅದರ ಮೇಲಿಡುವ ಕಮೋಡ್ ಕುರ್ಚಿ ಅಂಗಡಿಗಳಲ್ಲಿ ಸಿಗುತ್ತದೆ. ಅಡಿಗೆಮನೆಯಲ್ಲಿ ದಿನಬಳಕೆಯ ಡಬ್ಬಗಳು ಬಗ್ಗದೆ ಸಿಗುವ ಎತ್ತರಕ್ಕೆ ಏರಲಿ.

ಮರಳಿ ಬಂದ ಮೇಲೆ

ಶಸ್ತ್ರಕ್ರಿಯೆಯಾದ ದಿನವೋ ಮರುದಿನವೋ ರೋಗಿಯನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಇದು ನಿರ್ದಯೆಯಲ್ಲ. ಅಲುಗಾಡದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಮಂಡಿ ಬಿಗಿಯುತ್ತದೆ. ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಹೊಲಿಗೆ ಬಿಚ್ಚುತ್ತಾರೆ. ಎರಡು ವಾರಗಳ ಹೊತ್ತಿಗೆ ಮಂಡಿ 90 ಡಿಗ್ರಿಗಳಷ್ಟು ಮಡಿಸಿದರೆ ಒಳ್ಳೆಯ ಪ್ರಗತಿ. ಮಡಿಸುವುದರಷ್ಟೇ ಮುಖ್ಯ, ಪೂರ್ತಿ ನೆಟ್ಟಗಾಗುವುದು. ಹಿತವೆಂದು ಮಂಡಿಯ ಕೆಳಗೆ ದಿಂಬಿಟ್ಟು ಮಲಗಿದರೆ ಕಾಲು ಬಾಗಿದಂತೆಯೇ ನಿಂತುಬಿಡುತ್ತದೆ. ದಿಂಬಿಡುವುದಾದರೆ ಹಿಮ್ಮಡಿಯ ಕೆಳಗೆ ಇಡಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಶಸ್ತ್ರಕ್ರಿಯೆಯಾದ ಕಾಲು ಮೊದಲು. ನೋವಿನ ಮಾತ್ರೆಯನ್ನು ಹಟ ಹಿಡಿದು ತಪ್ಪಿಸುವುದು ಧೈರ್ಯವಲ್ಲ. ವೈದ್ಯರು ಹೇಳಿದ ಹೊತ್ತಿಗೆ, ವ್ಯಾಯಾಮಕ್ಕೆ ಮೊದಲು ಪರಿಣಾಮವಾಗುವಂತೆ ತೆಗೆದುಕೊಂಡರೆ ಸಾಧನೆ ಸುಲಭವಾಗುತ್ತದೆ.

ಗಾಯಕ್ಕೆ ನಂಜಾಗುತ್ತದೆಂದು ಬೇಳೆ, ಕಾಳು, ತರಕಾರಿಗಳನ್ನೆಲ್ಲ ನಿಲ್ಲಿಸಿ ಬರಿಯ ತಿಳಿಸಾರು ಅನ್ನ ಬಡಿಸುವ ಪದ್ಧತಿ ಹಲವು ಮನೆಗಳಲ್ಲಿದೆ. ಗಾಯ ಕೂಡಲು ಬೇಕಾದುದು ಸಸಾರಜನಕ. ಬೇಳೆ, ಮೊಳಕೆಕಾಳು, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಇವನ್ನು ಹೆಚ್ಚಿಸಬೇಕು. ನೋವಿನ ಮಾತ್ರೆಗಳಿಂದ ಮಲಬದ್ಧತೆಯಾಗುವುದರಿಂದ ಸೊಪ್ಪು, ಹಣ್ಣು, ನೀರು ಧಾರಾಳವಾಗಿರಲಿ.

ಮಂಡಿ ಕೆಲವು ತಿಂಗಳು ಬೆಚ್ಚಗಿರುತ್ತದೆ, ಊದಿರುತ್ತದೆ. ಗಾಯದ ಹೊರಪಕ್ಕದಲ್ಲಿ ಅಂಗೈಯಗಲ ಜೋಮು ಹಿಡಿದಂತಿರುತ್ತದೆ. ನಡೆಯುವಾಗ ಟಕ್ಕೆಂದು ಸದ್ದಾಗುತ್ತದೆ. ಇವಕ್ಕೆ ಹೆದರಬೇಕಾಗಿಲ್ಲ. ಆದರೆ ಮೀನಖಂಡದಲ್ಲಿ ಬಾವು ಮತ್ತು ನೋವು, ಗಾಯದಿಂದ ಒಸರುವ ದ್ರವ, ಜ್ವರ, ಇದ್ದಕ್ಕಿದ್ದಂತೆ ಏರುವ ನೋವು, ಇವು ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು. ಎದೆನೋವು ಅಥವಾ ಉಸಿರಾಟದ ಕಷ್ಟ ಕಂಡರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಮನೆಯವರ ಪ್ರೀತಿಯ ಮಾತು. ಹಿರಿಯರು ನೋವೆಂದು ಮುಖ ಕಿವುಚಿದೊಡನೆ ‘ಇವತ್ತು ವ್ಯಾಯಾಮ ಬೇಡಮ್ಮ, ಮಲಗಿರು’ ಎನ್ನುವ ಮಗ, ಊಟದ ತಟ್ಟೆಯನ್ನು ಹಾಸಿಗೆಗೇ ತಂದುಕೊಡುವ ಸೊಸೆ, ‘ಪಾಪ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?’ ಎನ್ನುವ ನೆರೆಯವರು, ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಬಿಗಿತ ಸೇರಿಕೊಳ್ಳುವುದೂ ಆ ಮೊದಲ ಆರು ವಾರಗಳಲ್ಲಿಯೇ. ಆಗ ಕಳೆದುಕೊಂಡ ಡಿಗ್ರಿಗಳನ್ನು ಆರು ತಿಂಗಳ ಮೇಲೆ ಮರಳಿ ಪಡೆಯುವುದು ಬಹಳ ಕಷ್ಟ. ಅತಿಯಾದರೆ ಅಮೃತವೂ ವಿಷವೆಂಬ ಮಾತು ಉಪಚಾರಕ್ಕೂ ಸಲ್ಲುತ್ತದೆ.

ಬಾಯಾರಿದ ತಾಯಿ ವಾಕರ್ ಹಿಡಿದು ಮೆಲ್ಲನೆದ್ದು ಅಡಿಗೆಮನೆಯ ಕಡೆಗೆ ಹೊರಟಾಗ, ಓಡಿಹೋಗಿ ನೀರು ತಂದುಕೊಡುವ ಬದಲು, ಬೀಳದಂತೆ ಪಕ್ಕದಲ್ಲಿ ನಡೆಯುವುದು ಮಗನ ಕರ್ತವ್ಯ. ಆ ಹತ್ತು ಹೆಜ್ಜೆಗಳಿಗಾಗಿಯೇ ಆಕೆ ಇಷ್ಟು ನೋವನ್ನು ಸಹಿಸಿದ್ದಾಳೆ.